ಪಟ್ಟಿ ಸಾಫ್ಟ್‌ವೇರ್ ಮಾಡಲಿ, ಫೋನು ನೀವೇ ಮಾಡಿ

ಪುಣೆ ಹತ್ತಿರದ ಚಾಕಣದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಎಚ್‌ಆರ್‌ನಲ್ಲಿ ಇದ್ದೇನೆ. ವಿಎಂಸಿ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಮಷಿನ್) ಆಪರೇಟರ್ ಬೇಕು ಅಂತ ಜಾಹೀರಾತು ಹಾಕಿದರೆ ಸಂಜೆಯೊಳಗೆ ಇನ್‌ಬಾಕ್ಸ್ ತುಂಬುತ್ತದೆ. ನಿಪ್ಪಾಣಿ, ಅಥಣಿ, ಬೆಳಗಾವಿ ಕಡೆಯ ಐಟಿಐ ಹುಡುಗರ ಅರ್ಜಿಗಳೂ ಬಹಳ ಇರುತ್ತವೆ. ಸಾಫ್ಟ್‌ವೇರ್ ಇಲ್ಲದೆ ಇಷ್ಟನ್ನು ನೋಡಿ ಮುಗಿಸಲು ಆಗುವುದಿಲ್ಲ. ಆದರೆ ಅದರ ಕೈಗೆ ಏನು ಕೊಡಬೇಕು, ಏನು ಕೊಡಬಾರದು ಅನ್ನುವುದನ್ನು ಮೊದಲೇ ತೀರ್ಮಾನಿಸಿ.

ಅರ್ಜಿ ತಲುಪಿತು ಅನ್ನುವ ಉತ್ತರ, ಇಂಟರ್ವ್ಯೂ ಸಮಯ, ರಿಮೈಂಡರ್, ಇವನ್ನೆಲ್ಲ ಧಾರಾಳವಾಗಿ ಕೊಡಿ. ಮೆಸೇಜ್ ಮಾತ್ರ ನೀವೇ ಬರೆಯಿರಿ. ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಪುಣೆಯ ಸ್ವಾರಗೇಟ್ ಬಸ್ ಸ್ಟ್ಯಾಂಡ್‌ನಲ್ಲಿ ಇಳಿಯುವ ಹುಡುಗನಿಗೆ ಚಾಕಣಕ್ಕೆ ಹೇಗೆ ಬರಬೇಕು, ಯಾವ ಗೇಟು, ಯಾರನ್ನು ಕೇಳಬೇಕು, ಎಲ್ಲ ಅದರಲ್ಲಿರಲಿ. ದೂರದಿಂದ ಬರುವವರಿಗೆ ಒಂಬತ್ತು ಗಂಟೆಯ ಸ್ಲಾಟ್ ಬೇಡ, ಹನ್ನೊಂದರ ಮೇಲೆ ಕೊಡಿ.

ಜಾಸ್ತಿ ಎಚ್ಚರ ಬೇಕಾದದ್ದು ಅರ್ಜಿ ಸೋಸುವಾಗ. ಸಾಫ್ಟ್‌ವೇರ್‌ಗೆ ನೀವು ‘ವಿಎಂಸಿ’ ಎಂಬ ಪದ ಮಾತ್ರ ಕೊಟ್ಟಿರುತ್ತೀರಿ. ಹುಡುಗ ‘ಫ್ಯಾನಕ್ ಕಂಟ್ರೋಲ್ ಮೇಲೆ ಕೆಲಸ’ ಅಂತ ಬರೆದಿರುತ್ತಾನೆ. ಫ್ಯಾನಕ್ ಅಂದರೆ ಇಂಥ ಮಷಿನ್‌ಗಳಿಗೆ ಕಂಟ್ರೋಲ್ ಮಾಡುವ ಕಂಪನಿ. ಆದರೆ ‘ವಿಎಂಸಿ’ ಪದ ಸಿಗದೆ, ಸಾಫ್ಟ್‌ವೇರ್ ಅವನಿಗೆ ಕೊಡುವ ಅಂಕ ಕೆಳಗೆ ಬೀಳುತ್ತದೆ. ಎರಡು ಕಾಲಂನ ರೆಸ್ಯೂಮೆ ಆದರೆ ಸಾಲುಗಳು ಒಂದಕ್ಕೊಂದು ಬೆರೆತು ಅನುಭವವೇ ಕಾಣದೆ ಹೋಗಬಹುದು. ಊರು ದೂರ ಅಂತ ಫಿಲ್ಟರ್ ಹಾಕಿದ್ದರೆ, ಪುಣೆಗೆ ಬಂದು ಇರಲು ತಯಾರಿರುವವನೂ ಹೊರಗೆ. ಅದಕ್ಕೇ ಪದಗಳ ಪಟ್ಟಿಯನ್ನು ಶಾಪ್ ಫ್ಲೋರಿನ ಸೂಪರ್‌ವೈಸರ್ ಜೊತೆ ಕೂತು ಮಾಡಿ. ಕೆಳಗೆ ಬಿದ್ದ ಅರ್ಜಿಗಳಲ್ಲಿ ಕೆಲವನ್ನು ವಾರಕ್ಕೊಮ್ಮೆ ತೆಗೆದು ಕಣ್ಣಾರೆ ಓದಿ. ಮಗು ಆದಮೇಲೆ ಎರಡು ವರ್ಷ ಮನೆಯಲ್ಲಿದ್ದ ಹೆಣ್ಣುಮಗಳ ಅರ್ಜಿ ಅಲ್ಲಿ ಸಿಕ್ಕರೆ ಗ್ಯಾಪ್ ನೋಡಿ ಬದಿಗಿಡಬೇಡಿ.

‘ನಮ್ಮ ಹಳೇ ನೇಮಕಾತಿ ನೋಡಿ ಕಲಿತುಕೋ’ ಅಂತ ಎಐಗೆ ಹೇಳುವುದೂ ಅಪಾಯವೇ. ಅಮೆಜಾನ್ 2014ರಿಂದ ಕಟ್ಟಿದ ಇಂಥದೊಂದು ವ್ಯವಸ್ಥೆಯನ್ನು ಕೈಬಿಟ್ಟ ಸುದ್ದಿ 2018ರಲ್ಲಿ ಹೊರಬಂತು. ಹಳೇ ರೆಸ್ಯೂಮೆಗಳು ಹೆಚ್ಚಾಗಿ ಗಂಡಸರವು. ಹಾಗಾಗಿ ಅದು ಹೆಂಗಸರ ಅರ್ಜಿಗಳನ್ನು ಕೆಳಗೆ ತಳ್ಳುವುದನ್ನು ಕಲಿತಿತ್ತು. ನಮ್ಮ ಶಾಪ್ ಫ್ಲೋರಿನ ಹಳೇ ಪಟ್ಟಿಯಲ್ಲೂ ಗಂಡಸರೇ ಅಲ್ವಾ?

ಪಟ್ಟಿ ಕೈಗೆ ಬಂದಮೇಲೆ ಫೋನ್ ಎತ್ತಿ. ಬೆಳಗಾವಿ ಹುಡುಗ ಇಂಗ್ಲಿಷ್‌ನಲ್ಲಿ ತಡವರಿಸುತ್ತಿದ್ದರೆ ಕನ್ನಡದಲ್ಲೇ ಕೇಳಿ: ‘ಅಲ್ಲಿ ಟೂಲ್ ಆಫ್‌ಸೆಟ್ ಯಾರು ಹಾಕ್ತಿದ್ರಪ್ಪಾ?’ (ಟೂಲಿನ ಅಳತೆಯನ್ನು ಮಷಿನ್‌ಗೆ ಹೊಂದಿಸಿ ಕೊಡುವ ಕೆಲಸ ಅದು.) ‘ನಾನೇ ರೀ’ ಅಂದರೆ ಹೇಗೆ ಅಂತ ಕೇಳಿ. ಮೊದಲ ಪೀಸ್ ತೆಗೆದು ಅಳತೆ ನೋಡಿ ತಿದ್ದುತ್ತಿದ್ದೆ ಅಂತ ಬಿಡಿಸಿ ಹೇಳಿದರೆ ಅವನಿಗೆ ಬರೀ ಬಟನ್ ಒತ್ತುವ ಕೆಲಸವಷ್ಟೇ ಅಲ್ಲ, ಮಷಿನ್ನೂ ಗೊತ್ತು. ಇದು ಯಾವ ಅಂಕದಲ್ಲೂ ಬರುವುದಿಲ್ಲ.

ಮಾತು ರೆಕಾರ್ಡ್ ಮಾಡಿ ಎಐನಿಂದ ಟಿಪ್ಪಣಿ ಮಾಡಿಸುವುದಾದರೆ ಮೊದಲು ಅವರನ್ನು ಕೇಳಿ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಒಪ್ಪಿಗೆಗೆ ದೊಡ್ಡ ಜಾಗವಿದೆ. ಯಾರದೋ ಆಧಾರ್, ಫೋನ್ ನಂಬರನ್ನು ಸುಮ್ನೆ ಸಿಕ್ಕ ಚಾಟ್‌ಬಾಟ್‌ಗೆ ಹಾಕಬೇಡಿ.

ಇಂಟರ್ವ್ಯೂಗೆ ಬಂದುಹೋದವರಿಗೆ ‘ಇಲ್ಲ’ ಅನ್ನುವುದನ್ನು ಮೆಷಿನ್‌ಗೆ ಬಿಡಲೇಬೇಡಿ. ರಜೆ ಹಾಕಿ, ಬಸ್ ಚಾರ್ಜ್ ಕೊಟ್ಟು ಬಂದವರು ಅವರು. ಫೋನ್ ಮಾಡಿ ಕಾರಣ ಹೇಳಿ. ‘ಡ್ರಾಯಿಂಗ್ ಓದೋದು ಕಲಿತು ಆರು ತಿಂಗಳ ಮೇಲೆ ಮತ್ತೆ ಹಾಕಪ್ಪಾ’ ಅಂದಿದ್ದರೆ ಆ ತಾರೀಖನ್ನು ಸಾಫ್ಟ್‌ವೇರ್‌ಗೆ ಹಾಕಿಡಿ. ಅವತ್ತು ಅವನಿಗೂ ನಿಮಗೂ ಅದೇ ನೆನಪು ಮಾಡುತ್ತದೆ.