ನೀರಿನ ಕೆಳಗೆ ಹೋಗುವ ಕೆಲಸ: ಸಮುದ್ರ ಕಾಮಗಾರಿಗಳ ಮೇಲ್ವಿಚಾರಣೆಯಲ್ಲಿ ನನ್ನ ಅನುಭವ

ನೆಲದ ಮೇಲಿನ ಕಟ್ಟಡದಲ್ಲಿ ತಪ್ಪಾದರೆ ಮರುದಿನ ಹೋಗಿ ನೋಡಬಹುದು, ಕೈಯಿಟ್ಟು ಮುಟ್ಟಬಹುದು, ಬೇಕಾದರೆ ಒಡೆದು ಮತ್ತೆ ಕಟ್ಟಬಹುದು. ಜೆಟ್ಟಿಯ ಪೈಲ್ (ನೆಲದಾಳಕ್ಕೆ ಇಳಿಸಿದ ಕಾಂಕ್ರೀಟ್ ಕಂಬ) ಆಗಲಿ, ಅಲೆತಡೆಗೋಡೆಯ ಬುಡದ ಕಲ್ಲಾಗಲಿ, ಒಮ್ಮೆ ನೀರಿನ ಕೆಳಗೆ ಹೋಯಿತೆಂದರೆ ಅದನ್ನು ಕಣ್ಣಾರೆ ನೋಡುವ ಅವಕಾಶ ಮತ್ತೆ ಸಿಗುವುದು ಅಪರೂಪ. ಕರಾವಳಿಯಲ್ಲಿ ಸೇತುವೆ, ಜೆಟ್ಟಿ, ಅಲೆತಡೆಗಳ ಕೆಲಸದಲ್ಲಿ ಸುಮಾರು ಮೂವತ್ತು ವರ್ಷ ಕಳೆದಿರುವ ನಾನು ಈ ವೃತ್ತಿಗೆ ಬರುವ ಕಿರಿಯರಿಗೆ ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ: ಕೆಲಸ ನೀರಿನೊಳಗೆ ಇಳಿಯುವ ಹೊತ್ತಿನಲ್ಲಿ ಮೇಲ್ವಿಚಾರಕ ಸ್ಥಳದಲ್ಲಿಯೇ ಇರಬೇಕು, ಮತ್ತು ಅಳೆದದ್ದನ್ನು ಅಳೆದ ಹೊತ್ತಿಗೇ ಬರೆದಿಡಬೇಕು. ಇದನ್ನು ನಾನು ಕಲಿತದ್ದು ಒಂದು ಪೈಲನ್ನು ಕಳೆದುಕೊಂಡ ಮೇಲೆ.

ಸುರತ್ಕಲ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ 1992ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಕರಾವಳಿಯ ಉದ್ದಕ್ಕೂ ಕೊಂಕಣ ರೈಲ್ವೆಯ ಕಾಮಗಾರಿ ಭರದಿಂದ ನಡೆಯುತ್ತಿತ್ತು. 741 ಕಿಲೋಮೀಟರಿನ ಆ ಮಾರ್ಗದ ಅತಿ ಉದ್ದದ ಸೇತುವೆ ನಮ್ಮ ಹೊನ್ನಾವರದ ಶರಾವತಿಯ ಮೇಲಿನದು, ಎರಡು ಕಿಲೋಮೀಟರಿಗೂ ತುಸು ಹೆಚ್ಚು. ಅಳಿವೆಯ ನೀರಿನಲ್ಲಿ ದಿನಕ್ಕೆ ನಾಲ್ಕು ಸಲ ಹರಿವಿನ ದಿಕ್ಕೇ ಬದಲಾಗುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆನಾದರೂ, ಲಂಗರು ಹಾಕಿದ ಬಾರ್ಜು ಮಧ್ಯಾಹ್ನದ ಹೊತ್ತಿಗೆ ನಿಧಾನವಾಗಿ ತಿರುಗಿ ಹಗ್ಗಗಳು ಸಡಿಲಾಗುವುದನ್ನು ನೋಡಿದ್ದು ಆ ವರ್ಷಗಳಲ್ಲಿಯೇ. ಅಲ್ಲಿಂದ ಮುಂದೆ ಜೆಟ್ಟಿಗಳ ಕೆಲಸಕ್ಕೆ ಬಂದೆ, ಕೊನೆಯ ಹತ್ತು ವರ್ಷಗಳನ್ನು ಅಲೆತಡೆಗೋಡೆಗಳಲ್ಲಿ ಕಳೆದೆ.

ಸಮುದ್ರದ ಕೆಲಸಕ್ಕೆ ಬಂದವನು ಮೊದಲು ವಿಚಾರಿಸಿಕೊಳ್ಳಬೇಕಾದದ್ದು ಎತ್ತರವನ್ನು ಯಾವುದರಿಂದ ಅಳೆಯುತ್ತಿದ್ದಾರೆ ಎಂಬುದನ್ನು. ನೆಲದ ಮೇಲಿನ ನಕ್ಷೆಗಳು ಸರಾಸರಿ ಸಮುದ್ರ ಮಟ್ಟವನ್ನು ಸೊನ್ನೆ ಎಂದು ಹಿಡಿಯುತ್ತವೆ, ಬಂದರಿನ ನಕ್ಷೆಗಳು ಚಾರ್ಟ್ ಡೇಟಮ್ ಅನ್ನು, ಅಂದರೆ ನೀರು ಸಾಮಾನ್ಯವಾಗಿ ಅದಕ್ಕಿಂತ ಕೆಳಗಿಳಿಯದ ಮಟ್ಟವನ್ನು, ಸೊನ್ನೆ ಎಂದು ಹಿಡಿಯುತ್ತವೆ. ಮಂಗಳೂರಿನ ಬಳಿ ಇವೆರಡರ ನಡುವಿನ ಅಂತರ ಹೆಚ್ಚುಕಡಿಮೆ ಒಂದು ಮೀಟರ್. ಒಂದು ಕೆಲಸದಲ್ಲಿ ದಡದ ರಸ್ತೆಯ ನಕ್ಷೆ ಒಬ್ಬರಿಂದ, ಜೆಟ್ಟಿಯ ನಕ್ಷೆ ಮತ್ತೊಬ್ಬರಿಂದ ಬಂದಿತ್ತು, ಎರಡರಲ್ಲೂ ಬರೀ ‘ಆರ್.ಎಲ್.’ (ರಿಡ್ಯೂಸ್ಡ್ ಲೆವೆಲ್, ಅಂದರೆ ಸೊನ್ನೆಯಿಂದ ಅಳೆದ ಎತ್ತರ) ಎಂದಷ್ಟೇ ಬರೆದಿತ್ತು, ಮತ್ತು ಯಾರೂ ಕೇಳದೆ ಹೋಗಿದ್ದರೆ ರಸ್ತೆಯೂ ಜೆಟ್ಟಿಯೂ ಸೇರುವಲ್ಲಿ ಒಂದು ಮೀಟರಿನ ಮೆಟ್ಟಿಲು ಉಳಿಯುತ್ತಿತ್ತು. ಅಂದಿನಿಂದ ಯಾವ ಸೈಟಿಗೆ ಹೋದರೂ ಮೊದಲ ವಾರದಲ್ಲೇ ಎತ್ತರದ ಗುರುತಾಗಿ ಒಂದು ಗಟ್ಟಿ ಬೆಂಚ್‌ಮಾರ್ಕ್ ಕಟ್ಟಿಸಿ, ಅದರ ಮೇಲೆ ಎರಡೂ ಲೆಕ್ಕದ ಎತ್ತರವನ್ನು ಬಣ್ಣದಲ್ಲಿ ಬರೆಸುತ್ತಿದ್ದೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ ನಿಲ್ಲಿಸಿ, ಹದಿನೈದು ದಿನ ಭರತ ಇಳಿತಗಳನ್ನು ನಾವೇ ಬರೆದುಕೊಳ್ಳುತ್ತಿದ್ದೆವು. ಮುದ್ರಿತ ಭರತದ ಪಟ್ಟಿ ಬಂದರಿನ ಮಟ್ಟಿಗೆ ಸರಿ, ಆದರೆ ನದಿಯ ಒಳಗೆ ಎರಡು ಕಿಲೋಮೀಟರ್ ಹೋದರೆ ಹೊತ್ತೂ ಬದಲಾಗುತ್ತದೆ, ಎತ್ತರವೂ ಬದಲಾಗುತ್ತದೆ.

ಪೈಲ್ ಕ್ಯಾಪಿನ (ಪೈಲುಗಳ ತಲೆಯ ಮೇಲೆ ಕೂರುವ ಕಾಂಕ್ರೀಟ್ ದಿಮ್ಮಿಯ) ತಳದ ಶಟರಿಂಗ್ ಕಟ್ಟುವಂಥ ಕೆಲಸಕ್ಕೆ ಅಮಾವಾಸ್ಯೆ ಹುಣ್ಣಿಮೆಗಳ ಹತ್ತಿರದ ಇಳಿತ ಬೇಕು, ಏಕೆಂದರೆ ಆಗ ನೀರು ಹೆಚ್ಚು ಕೆಳಗಿಳಿಯುತ್ತದೆ. ಸಿಗುವ ಎರಡು ಮೂರು ಗಂಟೆಯ ಬಿಡುವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಜರುಗುವುದರಿಂದ, ಸೋಮವಾರ ಬೆಳಗಿನ ಆರು ಗಂಟೆಗೆ ಇದ್ದ ಕೆಲಸ ಶನಿವಾರದ ಹೊತ್ತಿಗೆ ಹತ್ತು ಗಂಟೆಗೆ ಬಂದಿರುತ್ತದೆ. ಕಚೇರಿಯ ಗಡಿಯಾರಕ್ಕೆ ಹೊಂದಿಕೊಂಡವರಿಗೆ ಇದು ಕಷ್ಟ. ನಮ್ಮ ಜೊತೆಗಿದ್ದ ಕೇರಳದ ಬೇಪೂರಿನ ಕಡೆಯ ಹಿರಿಯ ಖಲಾಸಿಯೊಬ್ಬರು ಚಂದ್ರನ ತಿಥಿ ನೋಡಿಯೇ ಇಳಿತದ ಹೊತ್ತನ್ನು ಹೇಳುತ್ತಿದ್ದರು. ನಾನು ಪಟ್ಟಿ ತೆಗೆದು ನೋಡುವ ಮೊದಲೇ, “ಸಾರ್, ಇವತ್ತು ಸಪ್ತಮಿ, ನೀರು ಪೂರ್ತಿ ಇಳಿಯುವುದಿಲ್ಲ, ಜನರನ್ನು ಸುಮ್ಮನೆ ಕರೆಸಬೇಡಿ” ಎಂದು ಅವರು ಹೇಳಿದ ದಿನಗಳಲ್ಲಿ ನಾನು ಜನರನ್ನು ಕರೆಸಲಿಲ್ಲ.

ಈಗ ಆ ಪೈಲಿನ ವಿಷಯ. ಕೆಲಸ ಒಂದು ಜೆಟ್ಟಿಯದು, ಪೈಲಿನ ವ್ಯಾಸ 1.2 ಮೀಟರ್, ಆಳ 25 ಮೀಟರ್. ಮೇಲಿನ ಸಡಿಲ ಮಣ್ಣಿಗೆ ಉಕ್ಕಿನ ಲೈನರ್ (ಕೊಳವೆಯಂಥ ಹೊರಕವಚ) ಇಳಿಸಿ, ಅದರ ಕೆಳಗೆ ರಂಧ್ರದ ಬದಿ ಕುಸಿಯದಂತೆ ಬೆಂಟೊನೈಟ್ ಎಂಬ ಜೇಡಿ ಕಲೆಸಿದ ನೀರು ತುಂಬಿಕೊಂಡು ಕೊರೆದು, ಕಂಬಿಯ ಪಂಜರ ಇಳಿಸಿ, ಟ್ರೆಮಿ ಕೊಳವೆಯ ಮೂಲಕ ತಳದಿಂದ ಮೇಲಕ್ಕೆ ಕಾಂಕ್ರೀಟ್ ತುಂಬುವ ಪದ್ಧತಿ. ಮೊದಲ ಸಲ ಹಾಪರಿನಿಂದ ಒಂದೇ ಬಾರಿಗೆ ಒಂದೂವರೆಯಿಂದ ಎರಡು ಘನ ಮೀಟರ್ ಕಾಂಕ್ರೀಟ್ ಬಿಟ್ಟು ಕೊಳವೆಯ ಬಾಯಿಯನ್ನು ಮುಚ್ಚಿಸಬೇಕು. ಆಮೇಲೆ ಕೊಳವೆಯ ಬಾಯಿ ಯಾವಾಗಲೂ ಕಾಂಕ್ರೀಟಿನ ಒಳಗೆ ಕನಿಷ್ಠ ಒಂದೂವರೆ ಎರಡು ಮೀಟರ್ ಹೂತಿರಬೇಕು. ಹೂತಿರುವವರೆಗೆ ಹೊಸ ಕಾಂಕ್ರೀಟ್ ಹಳೆಯದರ ಹೊಟ್ಟೆಯೊಳಗೆ ಸೇರಿ ಅದನ್ನು ಮೇಲಕ್ಕೆ ತಳ್ಳುತ್ತದೆ, ಕೊಳವೆ ಹೊರಬಂದರೆ ಅದು ಬೆಂಟೊನೈಟ್ ಮತ್ತು ಕೆಸರಿನ ಮೂಲಕ ಉದುರಿ ಅಲ್ಲಿಯೇ ಒಂದು ಮಣ್ಣಿನ ಪದರ ಉಳಿದುಬಿಡುತ್ತದೆ.

ರಾತ್ರಿ ಹತ್ತಕ್ಕೆ ಶುರುವಾದ ಕಾಂಕ್ರೀಟಿನಲ್ಲಿ ಆರು ಘನ ಮೀಟರಿನ ಮೂರು ಮಿಕ್ಸರುಗಳು ಸರಾಗವಾಗಿ ಖಾಲಿಯಾದವು, ನಾಲ್ಕನೆಯದು ಬರಲಿಲ್ಲ. ಕಾಂಕ್ರೀಟ್ ಕಲೆಸುವ ಬ್ಯಾಚಿಂಗ್ ಪ್ಲಾಂಟಿನ ಜನರೇಟರ್ ನಿಂತಿದೆ ಎಂದು ತಿಳಿದಾಗ ನಾನು ಮಾಡಿದ ತಪ್ಪೆಂದರೆ ಅದನ್ನು ವಿಚಾರಿಸಲು ಪೈಲನ್ನು ಬಿಟ್ಟು ದಡಕ್ಕೆ ಹೋದದ್ದು. ಒಂದು ಗಂಟೆ ನಲವತ್ತು ನಿಮಿಷದ ನಂತರ ನಾಲ್ಕನೆಯ ಮಿಕ್ಸರಿನ ಜೊತೆಗೇ ನಾನು ಮರಳಿ ಬಂದಾಗ, ಕೊಳವೆ ಕಚ್ಚಿಕೊಳ್ಳುತ್ತಿತ್ತೆಂದು ಪೈಲಿಂಗ್ ತಂಡದವರು ಅದನ್ನು ಎತ್ತಿ ಮೇಲಿನ ತುಂಡುಗಳನ್ನು ಬಿಚ್ಚಿದ್ದರು. “ಇನ್ನೂ ಒಂದೂವರೆ ಮೀಟರ್ ಒಳಗಿದೆ ಸಾರ್, ಲೆಕ್ಕ ಹಾಕಿಯೇ ತೆಗೆದಿದ್ದೇವೆ” ಎಂದು ಮೇಸ್ತ್ರಿ ಹೇಳಿದರು. ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇತ್ತು: 18 ಘನ ಮೀಟರ್ ಕಾಂಕ್ರೀಟ್ 1.2 ಮೀಟರಿನ ರಂಧ್ರದಲ್ಲಿ ಸುಮಾರು 16 ಮೀಟರ್ ಏರಬೇಕು, ಅಂದರೆ ಅದರ ತಲೆ ಒಂಬತ್ತು ಮೀಟರ್ ಆಳದಲ್ಲಿರಬೇಕು, ಕೊಳವೆಯ ಬಾಯಿ ಹತ್ತೂವರೆಯಲ್ಲಿತ್ತು. ಆದರೆ ಲೈನರಿನ ಕೆಳಗೆ ಮೆದು ಜೇಡಿಯಲ್ಲಿ ರಂಧ್ರ ಅಗಲವಾಗಿತ್ತು. ಕಾಂಕ್ರೀಟ್ ಏರಿದ್ದು ಹದಿನಾಲ್ಕು ಮೀಟರ್ ಮಾತ್ರ, ತಲೆ ಇದ್ದದ್ದು ಹನ್ನೊಂದರಲ್ಲಿ. ಕೊಳವೆ ಕಾಂಕ್ರೀಟಿನಿಂದ ಅರ್ಧ ಮೀಟರ್ ಹೊರಗಿತ್ತು. ಗುಂಡು ಕಟ್ಟಿದ ಟೇಪನ್ನು ಇಳಿಸಿ ನೋಡಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು, ಆದರೆ ಮಿಕ್ಸರ್ ಕಾಯುತ್ತಿತ್ತು, ಈಗಾಗಲೇ ತಡವಾಗಿತ್ತು, ನಾನು ಟೇಪ್ ಇಳಿಸಲಿಲ್ಲ. ವರದಿಯಲ್ಲಿ ‘ಕೊಳವೆ ಒಳಗೆ 1.5 ಮೀ.’ ಎಂದು ನನ್ನ ಕೈಯಾರೆ ಬರೆದೆ.

ಮೂರು ವಾರದ ನಂತರ ಪೈಲಿನ ತಲೆಗೆ ಚಿಕ್ಕ ಸುತ್ತಿಗೆಯಿಂದ ಬಡಿದು ಅಲೆಯ ಮರುಧ್ವನಿಯನ್ನು ನೋಡುವ ಇಂಟೆಗ್ರಿಟಿ ಪರೀಕ್ಷೆ ನಡೆಯಿತು. ಬೇರೆ ಪೈಲುಗಳಲ್ಲಿ ಗೆರೆ ತಳದವರೆಗೆ ಸಮವಾಗಿ ಸಾಗಿದರೆ, ಈ ಪೈಲಿನಲ್ಲಿ ಹನ್ನೊಂದು ಮೀಟರಿನ ಹತ್ತಿರ ಸ್ಪಷ್ಟವಾದ ಏರಿಳಿತ ಕಾಣಿಸಿತು. ನನ್ನ ಮೇಲಿನ ಒಬ್ಬರು ಅದನ್ನು ಲೈನರಿನ ಅಂಚಿನ ಪರಿಣಾಮವೆಂದು ಬರೆದುಬಿಡೋಣ ಎಂದರು. ಲೈನರ್ ಅದಕ್ಕಿಂತ ಬಹಳ ಮೇಲೆಯೇ ಮುಗಿದಿತ್ತು. ನಾನು ಆ ರಾತ್ರಿಯ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟು, ಆ ಒಂದೂವರೆ ಮೀಟರ್ ಅಳೆದದ್ದಲ್ಲ, ಕೇಳಿ ಬರೆದದ್ದು ಎಂದು ಹೇಳಿದೆ. ಹೇಳುವಾಗ ಗಂಟಲು ಒಣಗಿತ್ತು. ಆ ಪೈಲನ್ನು ಕೈಬಿಟ್ಟು ಅದರ ಎರಡು ಬದಿಗೆ ಎರಡು ಹೊಸ ಪೈಲುಗಳನ್ನು ಹಾಕಿ, ಮೂರನ್ನೂ ಸೇರಿಸುವ ದೊಡ್ಡ ಕ್ಯಾಪ್ ಕಟ್ಟಬೇಕಾಯಿತು. ಆರು ವಾರ ಹೋಯಿತು. ಹಡಗು ಕಟ್ಟುವ ಬೊಲ್ಲಾರ್ಡು ಆ ಕ್ಯಾಪಿನ ಮೇಲೆಯೇ ಬರುವುದಿತ್ತು ಎಂಬುದನ್ನು ನೆನೆದಾಗ ಇಂದಿಗೂ ನನಗೆ ಆ ಆರು ವಾರ ಹೆಚ್ಚೆನಿಸುವುದಿಲ್ಲ.

ಅದಾದ ಮೇಲೆ ನನ್ನ ಕೆಳಗೆ ನಡೆದ ಪ್ರತಿ ಪೈಲಿಗೂ ಒಂದು ಗ್ರಾಫ್ ಹಾಳೆ ಇರುತ್ತಿತ್ತು. ಅಡ್ಡಕ್ಕೆ ಸುರಿದ ಕಾಂಕ್ರೀಟಿನ ಪ್ರಮಾಣ, ಉದ್ದಕ್ಕೆ ಟೇಪಿನಲ್ಲಿ ಅಳೆದ ಆಳ. ಪ್ರತಿ ಮಿಕ್ಸರಿನ ನಂತರ, ಮತ್ತು ಕೊಳವೆಯ ಪ್ರತಿಯೊಂದು ತುಂಡನ್ನು ಬಿಚ್ಚುವ ಮೊದಲು, ಟೇಪ್ ಇಳಿಸಿ ಚುಕ್ಕೆ ಹಾಕಲೇಬೇಕು, ಚುಕ್ಕೆ ಬೀಳದೆ ಕ್ರೇನ್ ಎತ್ತುವಂತಿಲ್ಲ. ಗೆರೆ ನಿರೀಕ್ಷೆಗಿಂತ ನಿಧಾನವಾಗಿ ಏರಿದರೆ ರಂಧ್ರ ಅಗಲವಾಗಿದೆ ಎಂದು ಅರ್ಥ. ತೀರ ಬೇಗ ಏರಿದರೆ ಅದಕ್ಕಿಂತ ಕೆಟ್ಟದ್ದು, ಬದಿಯ ಮಣ್ಣು ಕುಸಿದು ಒಳಗೆ ಬಂದಿರಬಹುದು. ತಡವಾದಾಗ ಕೊಳವೆಯನ್ನು ಎತ್ತಿ ತೆಗೆಯುವ ಬದಲು ಸ್ವಲ್ಪವೇ ಮೇಲೆ ಕೆಳಗೆ ಆಡಿಸುತ್ತಾ ಜೀವಂತವಾಗಿಡಬೇಕು. ಎರಡನೆಯ ಜನರೇಟರ್ ಸೈಟಿನಲ್ಲಿ ಇಲ್ಲದಿದ್ದರೆ ಪೈಲ್ ಕಾಂಕ್ರೀಟಿಗೆ ಒಪ್ಪಿಗೆ ಕೊಡುತ್ತಿರಲಿಲ್ಲ. ಗುತ್ತಿಗೆದಾರರ ಕಡೆಯವರಿಗೆ ಇದರಿಂದ ಬೇಸರವಾದದ್ದುಂಟು, ಆದರೆ ಎರಡನೆಯ ಪೈಲನ್ನು ನಾನು ಹಾಗೆ ಕಳೆದುಕೊಳ್ಳಲಿಲ್ಲ.

ಕಂಬಿಯ ಮೇಲಿನ ಕವರಿನ, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪದ, ಬಗ್ಗೆಯೂ ಹೇಳಬೇಕು. ಕಾಂಕ್ರೀಟ್ ಕೆಲಸದ ಭಾರತೀಯ ಸಂಹಿತೆ ಐಎಸ್ 456ರ ಪ್ರಕಾರ ಭರತ ಇಳಿತಗಳ ನಡುವಿನ ಕಾಂಕ್ರೀಟ್ ಅತ್ಯಂತ ಕಠಿಣ ಪರಿಸರದ್ದು, ಅಲ್ಲಿ ಕನಿಷ್ಠ ಎಂ40 ದರ್ಜೆಯ ಕಾಂಕ್ರೀಟ್, 75 ಮಿಲಿಮೀಟರ್ ಕವರ್ ಬೇಕು. ಸದಾ ನೀರಿನೊಳಗಿರುವ ಭಾಗಕ್ಕಿಂತ, ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವ ಭಾಗದಲ್ಲಿಯೇ ಉಪ್ಪು ಒಳಗಿಳಿದು ಕಂಬಿ ಬೇಗ ತುಕ್ಕು ಹಿಡಿಯುವುದು, ಏಕೆಂದರೆ ಅಲ್ಲಿ ಉಪ್ಪಿನ ಜೊತೆ ಗಾಳಿಯೂ ಸಿಗುತ್ತದೆ. ಪಂಜರ ಇಳಿಸುವ ಮೊದಲು ನಾನು ಕವರ್ ಬ್ಲಾಕುಗಳನ್ನು ಒಂದೊಂದಾಗಿ ಸ್ಕೇಲ್ ಇಟ್ಟು ನೋಡುತ್ತಿದ್ದೆ. ಒಮ್ಮೆ ಒಂದೇ ಪಂಜರದಲ್ಲಿ ಎಪ್ಪತ್ತೈದರ ನಡುವೆ ಐವತ್ತರ ಬ್ಲಾಕುಗಳು ಹನ್ನೆರಡು ಸಿಕ್ಕವು, ಕಟ್ಟಡದ ಕೆಲಸಕ್ಕೆ ಎರಕಹೊಯ್ದದ್ದನ್ನು ಯಾರೋ ತಿಳಿಯದೆ ತಂದು ಕಟ್ಟಿದ್ದರು. ಕ್ಯೂರಿಂಗಿಗೆ (ಹೊಸ ಕಾಂಕ್ರೀಟನ್ನು ಒದ್ದೆಯಾಗಿಡುವುದಕ್ಕೆ) ಸಮುದ್ರದ ನೀರನ್ನು ಬಳಸಲಂತೂ ಯಾರಿಗೂ ಎಂದೂ ಅವಕಾಶ ಕೊಡಲಿಲ್ಲ, ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಎಷ್ಟೇ ಖರ್ಚಾದರೂ.

ಅಲೆತಡೆಗೋಡೆಯ ಕೆಲಸದ ಗತಿಯೇ ಬೇರೆ. ಅಲ್ಲಿ ಶತ್ರುವೂ ಸ್ಪಷ್ಟ, ದಿನಾಂಕವೂ ಸ್ಪಷ್ಟ: ಜೂನ್ ಮೊದಲ ವಾರ. ಒಳಗಿನ ಕೋರ್‌ಗೆ ಕ್ವಾರಿಯ ಸಣ್ಣ ದೊಡ್ಡ ಕಲ್ಲುಗಳ ಮಿಶ್ರಣ, ಅದರ ಮೇಲೆ ದೊಡ್ಡ ಕಲ್ಲಿನ ಪದರ, ಅದರ ಮೇಲೆ ಟೆಟ್ರಾಪಾಡುಗಳ, ಅಂದರೆ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳ, ಎರಡು ಪದರ. ಕೋರ್ ಕಲ್ಲನ್ನು ಟಿಪ್ಪರಿನಿಂದ ಸುರಿದು ಮುಂದೆ ಹೋಗುವುದು ಸುಲಭ, ಗುತ್ತಿಗೆದಾರರ ಬಿಲ್ಲಿನ ಮೊತ್ತ ಬೇಗ ಏರುತ್ತದೆ. ಅದನ್ನು ಟೆಟ್ರಾಪಾಡಿನಿಂದ ಮುಚ್ಚುವುದು ನಿಧಾನ. ಹೀಗಾಗಿ ಮೇ ತಿಂಗಳಲ್ಲಿ ಕೋರ್ ಬಹಳ ಮುಂದೆ ಹೋಗಿ ಬರಿಮೈಯಲ್ಲಿ ನಿಂತಿರುವ ಅಪಾಯ ಪ್ರತಿ ವರ್ಷವೂ ಇರುತ್ತದೆ. ಅಲೆಯ ಎತ್ತರ ಎರಡು ಪಟ್ಟಾದರೆ ಅದನ್ನು ತಡೆದು ನಿಲ್ಲಲು ಬೇಕಾದ ಕಲ್ಲಿನ ತೂಕ ಎಂಟು ಪಟ್ಟಾಗುತ್ತದೆ. ಮಳೆಗಾಲದ ಮುಂದೆ ಕೋರ್ ಕಲ್ಲು ನಿಲ್ಲುವ ಮಾತೇ ಇಲ್ಲ. ಮುಚ್ಚದ ಕೋರ್ ಮೂವತ್ತು ಮೀಟರ್ ದಾಟಬಾರದು ಎಂದು ನಾನು ಗೆರೆ ಹಾಕಿದ್ದೆ.

2021ರ ಮೇ ತಿಂಗಳಲ್ಲಿ ಉಡುಪಿ ಜಿಲ್ಲೆಯ ಒಂದು ಅಲೆತಡೆಯಲ್ಲಿ ನಾವಿದ್ದೆವು. ಕೋವಿಡ್‌ನಿಂದಾಗಿ ಊರಿಗೆ ಹೋದ ಕೆಲಸಗಾರರಲ್ಲಿ ಅರ್ಧದಷ್ಟು ಜನ ಹಿಂದಿರುಗಿರಲಿಲ್ಲ. ಮೂವತ್ತು ಮೀಟರಿನ ಗೆರೆಯನ್ನು ಸಡಿಲಿಸಿ ಕೋರ್ ಮುಂದುವರಿಸೋಣ, ಟೆಟ್ರಾಪಾಡನ್ನು ಜನ ಬಂದಮೇಲೆ ಇಡೋಣ ಎಂಬ ಒತ್ತಡ ಇತ್ತು. ನಾನು ಕೋರ್ ಕೆಲಸವನ್ನೇ ನಿಲ್ಲಿಸಿ, ಇದ್ದ ಜನರನ್ನೆಲ್ಲ ಟೆಟ್ರಾಪಾಡ್ ಇಡುವುದಕ್ಕೆ ಹಾಕಿದೆ. ಎಂಟು ಟನ್ನಿನ ಪ್ರತಿ ಟೆಟ್ರಾಪಾಡಿನ ಮೇಲೂ ಅಂಕೆ ಮತ್ತು ಎರಕದ ದಿನಾಂಕ ಬರೆದಿರುತ್ತಿತ್ತು, ಅದು ಕೂತ ಜಾಗವನ್ನು ಒಂದು ಚೌಕಳಿ ನಕ್ಷೆಯಲ್ಲಿ ಗುರುತು ಮಾಡುತ್ತಿದ್ದೆವು. ಮೇ 12ರ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತದ ಸೂಚನೆ ಬಂತು. ಕ್ರೇನನ್ನು ಹಿಂದೆ ತಂದು, ತುದಿಗೆ ಸಿಕ್ಕಷ್ಟು ದೊಡ್ಡ ಕಲ್ಲುಗಳನ್ನು ಪೇರಿಸಿ, 14ರ ಸಂಜೆ ಎಲ್ಲರನ್ನೂ ದಡಕ್ಕೆ ಕರೆಸಿದೆ. ತೌಕ್ತೆ ಎಂಬ ಆ ಚಂಡಮಾರುತ 15ರಂದು ನಮ್ಮ ಕರಾವಳಿಯ ಪಕ್ಕದಿಂದ ಹಾದುಹೋಯಿತು. ಅಂದು ದಡದಿಂದ ನೋಡಿದಾಗ ಗೋಡೆಯ ಬೆನ್ನೇ ಕಾಣುತ್ತಿರಲಿಲ್ಲ, ಅಲೆ ಒಡೆದು ಬಿಳಿ ನೀರು ಎದ್ದು ಈಚೆಗೆ ಸುರಿಯುತ್ತಿತ್ತು.

ಎರಡು ದಿನದ ಮೇಲೆ ಗೋಡೆಯ ಮೇಲೆ ನಡೆದುಹೋಗಿ ನಕ್ಷೆ ಹಿಡಿದು ಎಣಿಸಿದೆವು. ತುದಿಯ ಮುಚ್ಚದ ಕೋರ್‌ನಲ್ಲಿ ಸುಮಾರು ಹನ್ನೆರಡು ಮೀಟರ್ ಕಲ್ಲು ಚಪ್ಪಟೆಯಾಗಿ ಹರಡಿಹೋಗಿತ್ತು. ಮುಚ್ಚಿದ ಭಾಗದಲ್ಲಿ ಏಳು ಟೆಟ್ರಾಪಾಡುಗಳು ಜಾಗ ಬಿಟ್ಟಿದ್ದವು, ಒಂದರ ಕಾಲು ಮುರಿದಿತ್ತು. ಉಳಿದವು ಒಂದನ್ನೊಂದು ಹಿಡಿದುಕೊಂಡು ಇದ್ದಲ್ಲೇ ಇದ್ದವು. ಅಂಕೆಗಳಿದ್ದುದರಿಂದ ಯಾವುದು ಎಲ್ಲಿಂದ ಎಲ್ಲಿಗೆ ಜಾರಿತು ಎಂಬುದನ್ನು ಒಂದೇ ಬೆಳಿಗ್ಗೆ ಬರೆದು ಮುಗಿಸಿದೆವು, ನೀರು ತಿಳಿಯಾದ ಮೇಲೆ ಮುಳುಗುಗಾರ ಇಳಿದು ಬುಡದ ಕಲ್ಲುಗಳನ್ನು ಕೈಯಿಂದ ಮುಟ್ಟಿ ಬಂದು ವರದಿ ಹೇಳಿದ. ಏಳರ ಜಾಗಕ್ಕೆ ಏಳನ್ನು ಕೂರಿಸಿ, ತುದಿಯನ್ನು ದೊಡ್ಡ ಕಲ್ಲಿನಿಂದ ಕಟ್ಟಿ ಮುಗಿಸಿದಾಗ ಮೇ 29ರ ಸಂಜೆಯಾಗಿತ್ತು. ಆ ದಿನದ ಹಾಳೆಗೆ ಸಹಿ ಮಾಡಿ, ಕ್ರೇನಿನ ಬೂಮ್ ಇಳಿಸಿ ಕಟ್ಟಿಸಿ, ಮಳೆಗಾಲಕ್ಕೆಂದು ಸೈಟನ್ನು ಮುಚ್ಚಿದೆವು.