ಒಂಬತ್ತು ಗೋಲುಗಳಿಂದ ಶುರುವಾದ ಜೀವನಚಿತ್ರ

ಸ್ಕಾಟ್ಲೆಂಡಿನ ಸೆಲ್ಟಿಕ್ ಫುಟ್‌ಬಾಲ್ ತಂಡದ ನಾಯಕರಾಗಿದ್ದ ಬಿಲ್ಲಿ ಮೆಕ್‌ನೀಲ್ ಅವರ ಜೀವನಚಿತ್ರವನ್ನು ಅವರ ದೊಡ್ಡ ಸೋಲಿನಿಂದ ಆರಂಭಿಸುತ್ತೇನೆ ಎಂದಾಗ, ಕ್ರೀಡಾ ಬರವಣಿಗೆಯಲ್ಲಿ ನನಗಿಂತ ಹೆಚ್ಚು ಪಳಗಿದ ಇಬ್ಬರು ಗೆಳೆಯರು ಅದು ನಡೆಯುವುದಿಲ್ಲ ಎಂದರು. ನಾಯಕನೊಬ್ಬನ ಕಥೆ ಕಪ್ ಎತ್ತಿದ ದಿನದಿಂದ ತೊಡಗದಿದ್ದರೆ ಓದುಗರು ಎರಡನೆಯ ಪುಟಕ್ಕೆ ಬರುವುದಿಲ್ಲ ಎಂಬುದು ಅವರ ವಾದವಾಗಿತ್ತು. ಬರಹ ಆರು ಕಂತುಗಳಲ್ಲಿ ಅಚ್ಚಾಗಿ, ಕೊನೆಯ ಕಂತಿನವರೆಗೂ ಓದುಗರ ಪತ್ರಗಳು ಬಂದುದರಿಂದ, ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲ ಸಲ ನಾನೂ ಲಿಸ್ಬನ್ನಿನ ಫೈನಲ್ ಗೆಲುವಿನಿಂದಲೇ ಬರಹ ಆರಂಭಿಸಿದ್ದೆ. 1967ರ ಮೇ 25ರಂದು ಇಂಟರ್ ಮಿಲಾನ್ ತಂಡವನ್ನು 2-1ರಿಂದ ಸೋಲಿಸಿದ ಸೆಲ್ಟಿಕ್, ಯುರೋಪಿಯನ್ ಕಪ್ ಗೆದ್ದ ಮೊದಲ ಬ್ರಿಟಿಷ್ ತಂಡವಾಯಿತು. ಮೆಕ್‌ನೀಲ್ ಅದರ ನಾಯಕರು. ಪಂದ್ಯದ ದೃಶ್ಯಗಳನ್ನು ಐದಾರು ಬಾರಿ ನೋಡಿ ಸುಮಾರು ಎರಡು ಸಾವಿರ ಪದ ಬರೆದೆ. ಓದಿಕೊಂಡಾಗ ಅದರಲ್ಲಿ ಮೆಕ್‌ನೀಲ್ ಅವರೇ ಕಾಣಲಿಲ್ಲ. ಏಳನೆಯ ನಿಮಿಷದಲ್ಲಿ ಮಜ್ಜೋಲಾ ಪೆನಾಲ್ಟಿಯಿಂದ ಗೋಲು ಗಳಿಸಿದ ಮೇಲೆ ಇಂಟರ್ ತನ್ನ ಅರ್ಧದೊಳಗೇ ಉಳಿದುಬಿಟ್ಟಿತ್ತು. ಸೆಲ್ಟಿಕ್ ಪರ ಗೋಲು ಹೊಡೆದವರು ಗೆಮ್ಮೆಲ್ ಮತ್ತು ಚಾಮರ್ಸ್. ಸೆಂಟರ್ ಹಾಫ್ ಆಗಿ, ಅಂದರೆ ರಕ್ಷಣೆಯ ನಡುವೆ ಆಡುತ್ತಿದ್ದ ಮೆಕ್‌ನೀಲ್‌ಗೆ ಅಂದು ಇದ್ದ ಕೆಲಸವೇ ಕಡಿಮೆ. ಎರಡು ತಿಂಗಳ ಶ್ರಮವನ್ನು ಪೂರ್ತಿ ಕೈಬಿಟ್ಟೆ.

ಆ ಹೊತ್ತಿಗೆ ಹಳೆಯ ಪಂದ್ಯಗಳ ಕಾರ್ಯಕ್ರಮ ಪುಸ್ತಿಕೆಗಳಿಗೆ ಇನ್ನೂರು ಪೌಂಡಿನಷ್ಟು ಖರ್ಚಾಗಿತ್ತು. ಅದರಲ್ಲಿ ನಲವತ್ತು ಪೌಂಡ್ ಕೊಟ್ಟು ತರಿಸಿದ 1965ರ ಸ್ಕಾಟಿಷ್ ಕಪ್ ಫೈನಲ್ ಪುಸ್ತಿಕೆ ಮರುಮುದ್ರಣವಾಗಿತ್ತು; ಮಾರಿದವರು ಹಣ ಹಿಂದಿರುಗಿಸಲಿಲ್ಲ. ಗ್ಲ್ಯಾಸ್ಗೋದ ಮಿಚೆಲ್ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಮುಂದೆ ಕಳೆದ ಹತ್ತು ಹನ್ನೆರಡು ಶನಿವಾರಗಳು, ರೈಲಿನ ಖರ್ಚು ಸೇರಿಸಿದರೂ, ಅದಕ್ಕಿಂತ ಹೆಚ್ಚು ಫಲ ಕೊಟ್ಟವು. ಅಲ್ಲಿ ಗೆದ್ದ ಪಂದ್ಯಗಳನ್ನು ಬಿಟ್ಟು, ತಂಡ ಬಿಟ್ಟುಕೊಟ್ಟ ಗೋಲುಗಳನ್ನು ಮಾತ್ರ ಒಂದೊಂದು ಸಾಲಿನಲ್ಲಿ ಬರೆಯುತ್ತ ಹೋದೆ. ವರದಿಗಳಲ್ಲಿ ಯಾವ ಎರಡು ಪದಗಳನ್ನು ಹುಡುಕಿದರೆ ಡಿಫೆಂಡರ್ ಸಿಗುತ್ತಾನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಮುಂದಿನ ಬರಹಕ್ಕೂ ಅದು ಬೇಕು.

ಆ ಪಟ್ಟಿಯೇ ನನಗೆ ಆರಂಭವನ್ನು ಕೊಟ್ಟಿತು. 1961ರ ಏಪ್ರಿಲ್ 15ರಂದು, ವೆಂಬ್ಲಿಯಲ್ಲಿ, ಇಪ್ಪತ್ತೊಂದು ವರ್ಷದ ಮೆಕ್‌ನೀಲ್ ಸ್ಕಾಟ್ಲೆಂಡ್ ಪರ ಆಡಿದ ಮೊದಲ ಪಂದ್ಯದಲ್ಲೇ ಇಂಗ್ಲೆಂಡ್ 9-3ರಿಂದ ಗೆದ್ದಿತು. ಅಲ್ಲಿಂದ ತೊಡಗಿದ್ದರಿಂದ, 1957ರಲ್ಲಿ ಸೆಲ್ಟಿಕ್ ಸೇರಿದ ಬೆಲ್‌ಶಿಲ್‌ನ ಹುಡುಗ 1965ರವರೆಗೆ ಒಂದೂ ದೊಡ್ಡ ಪ್ರಶಸ್ತಿಯಿಲ್ಲದೆ ಕಾದ ವರ್ಷಗಳಿಗೆ ತಾವಾಗಿಯೇ ತೂಕ ಬಂತು. ಆ ಕಾಯುವಿಕೆ ಮುಗಿದದ್ದೂ ಅವರ ತಲೆಯಿಂದಲೇ: ಜಾಕ್ ಸ್ಟೀನ್ ತರಬೇತುದಾರರಾಗಿ ಮರಳಿದ ಕೆಲವೇ ವಾರಗಳಲ್ಲಿ, ಡನ್‌ಫರ್ಮ್‌ಲಿನ್ ವಿರುದ್ಧದ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ 3-2ರ ಗೆಲುವಿನ ಗೋಲು ಮೆಕ್‌ನೀಲ್ ಅವರದು. ಅದಕ್ಕೆ ಕಾರ್ನರ್ (ಮೈದಾನದ ಮೂಲೆಯಿಂದ ಒದೆಯುವ ಚೆಂಡು) ಒದೆದವರು ಚಾರ್ಲಿ ಗ್ಯಾಲಗರ್. ಎರಡು ವರ್ಷಗಳ ನಂತರ ಯುರೋಪಿಯನ್ ಕಪ್‌ನಲ್ಲಿ ಯುಗೊಸ್ಲಾವಿಯಾದ ವೊಯ್ವೊದಿನಾ ತಂಡದ ವಿರುದ್ಧ ಕೊನೆಯ ನಿಮಿಷದಲ್ಲಿ ಸೆಲ್ಟಿಕ್ ಅನ್ನು ಸೆಮಿಫೈನಲ್‌ಗೆ ಒಯ್ದ ತಲೆಹೊಡೆತಕ್ಕೂ ಕಾರ್ನರ್ ಗ್ಯಾಲಗರ್ ಅವರದೇ. ಈ ಎರಡನ್ನೂ ಒಂದೇ ಕಂತಿನಲ್ಲಿ ಜೋಡಿಸಿದ್ದು ನನಗೆ ಹೆಮ್ಮೆಯ ವಿಷಯ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಪರದೆಗೆ ರಟ್ಟು ಅಂಟಿಸಿ, ಕಿಂಡಿಯೊಂದನ್ನು ಕತ್ತರಿಸಿ, ಪಂದ್ಯದ ದೃಶ್ಯಗಳಲ್ಲಿ ಮೆಕ್‌ನೀಲ್ ಒಬ್ಬರನ್ನಷ್ಟೇ ನೋಡಲು ಯತ್ನಿಸಿದೆ. ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುವುದರಿಂದ ಕಿಂಡಿಯಲ್ಲಿ ಬಹುಪಾಲು ಖಾಲಿ ಹುಲ್ಲೇ ಕಾಣಿಸಿತು. ಆದರೆ ಎದುರಾಳಿಗಳ ಕಾರ್ನರ್‌ಗಳಲ್ಲಿ ಮಾತ್ರ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಚೆಂಡು ಬರುವ ಮೊದಲೇ ಅವರು ಎಲ್ಲಿ ನಿಂತಿದ್ದರೆಂದು ತಿಳಿಯುತ್ತದೆ.

ಇಡೀ ಸರಣಿಯಲ್ಲಿ ನಾನು ಅತಿ ಉದ್ದವಾಗಿ ಬರೆದದ್ದು ಒಂದೂ ಗೋಲಿಲ್ಲದ ಪಂದ್ಯವನ್ನು. 1967ರ ಯುರೋಪಿಯನ್ ಕಪ್ ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಮೊದಲನೆಯದನ್ನು 3-1ರಿಂದ ಗೆದ್ದಿದ್ದ ಸೆಲ್ಟಿಕ್, ಎರಡನೆಯದರಲ್ಲಿ ಪ್ರಾಗ್‌ನಲ್ಲಿ ಅಲ್ಲಿನ ಡುಕ್ಲಾ ತಂಡದ ವಿರುದ್ಧ ತನ್ನ ಸಹಜ ಆಟವನ್ನು ಬಿಟ್ಟು ರಕ್ಷಣೆಗೆ ನಿಂತು 0-0ಗೆ ಮುಗಿಸಿತು. ಲಿಸ್ಬನ್ನಿಗೆ ದಾರಿ ಮಾಡಿಕೊಟ್ಟದ್ದು ಆ ತೊಂಬತ್ತು ನಿಮಿಷಗಳು. ಓದುಗರು ಹೆಚ್ಚು ಪತ್ರ ಬರೆದದ್ದೂ ಆ ಕಂತಿಗೇ.

ಸತತ ಒಂಬತ್ತು ಲೀಗ್ ಪ್ರಶಸ್ತಿಗಳು, 1975ರ ನಿವೃತ್ತಿ, 1988ರಲ್ಲಿ ಮ್ಯಾನೇಜರ್ ಆಗಿ ಗೆದ್ದ ಲೀಗ್ ಮತ್ತು ಕಪ್, ಕೊನೆಯ ವರ್ಷಗಳ ಮರೆವಿನ ಕಾಯಿಲೆ, 2019ರ ಏಪ್ರಿಲ್‌ನ ಸಾವು, ಇವೆಲ್ಲವನ್ನೂ ಆರನೆಯ ಕಂತಿನಲ್ಲೇ ಮುಗಿಸಿದೆ. ಒಟ್ಟು ಖರ್ಚು ಸುಮಾರು ಐನೂರು ಪೌಂಡ್, ಬಂದ ಸಂಭಾವನೆ ಅದರ ಮೂರನೆಯ ಒಂದು ಭಾಗ. ಈಗ ಇನ್ನೊಬ್ಬ ಸೆಲ್ಟಿಕ್ ಡಿಫೆಂಡರ್ ಡ್ಯಾನಿ ಮೆಕ್‌ಗ್ರೇನ್ ಅವರನ್ನು ಕೈಗೆತ್ತಿಕೊಂಡಿದ್ದೇನೆ. 1972ರಲ್ಲಿ ಅವರ ತಲೆಬುರುಡೆ ಬಿರುಕುಬಿಟ್ಟ ಪಂದ್ಯವೇ ಅದರ ಮೊದಲ ಪುಟ.