ಸೂಜಿ ಮುಟ್ಟದೆ ಗೋಡೆಗೊಂದು ಬಟ್ಟೆಯ ರಂಗೋಲಿ

ಬ್ಲೌಸ್ ಪೀಸುಗಳಿಗೆ ನಮ್ಮ ಬೀರುವಿನಲ್ಲಿ ಒಂದು ಖಾನೆಯೇ ಮೀಸಲು. ಗೌರಿ ಹಬ್ಬ, ಸೀಮಂತ, ಗೃಹಪ್ರವೇಶ ಅಂತ ಅರಿಶಿನ ಕುಂಕುಮದ ಜೊತೆ ಬಂದವು ಅವೆಲ್ಲ. ಹೊಲಿಸೋಣ ಅಂದರೆ ಯಾವ ಸೀರೆಗೂ ಹೊಂದುವುದಿಲ್ಲ. ಬಿಸಾಕಲು ಮನಸ್ಸು ಬರುವುದಿಲ್ಲ. ಮುಂದಿನ ಹಬ್ಬಕ್ಕೆ ಇನ್ನೊಬ್ಬರ ಮಡಿಲಿಗೆ ಹಾಕುತ್ತೇವೆ, ಕೆಲವು ಸಲ ಅದೇ ಪೀಸು ಊರೆಲ್ಲ ಸುತ್ತಿ ನಮ್ಮ ಮನೆಗೇ ವಾಪಸ್ ಬರುತ್ತದೆ. ನಾನು ಗೋಡೆಗೆ ಹಾಕುವ ಬಟ್ಟೆಯ ಚಿತ್ರಗಳನ್ನು ಮಾಡುವುದು ಈ ಪೀಸುಗಳಿಂದಲೇ. ಹೊಲಿಗೆ ಯಂತ್ರ ಬೇಡ, ಸೂಜಿಯೂ ಬೇಡ. ದಪ್ಪ ಥರ್ಮಾಕೋಲ್ ಹಲಗೆಯ ಮೇಲೆ ಚಿತ್ರ ಬರೆದು, ಗೆರೆಗಳ ಮೇಲೆ ಕಟರ್‌ನಿಂದ ಸೀಳು ಹಾಕಿ, ಬಟ್ಟೆಯ ಅಂಚನ್ನು ಆ ಸೀಳಿನೊಳಗೆ ತುರುಕುವುದು. ಇಷ್ಟೇ ಕೆಲಸ.

ಈ ಉಪಾಯ ಹೊಸದೇನಲ್ಲ. ಜಪಾನಿನ ಕ್ಯೋಟೋದಲ್ಲಿ 18ನೇ ಶತಮಾನದಿಂದ ಮರದ ಗೊಂಬೆಗಳಿಗೆ ಹೀಗೆ ಬಟ್ಟೆ ತೊಡಿಸುತ್ತಾ ಬಂದಿದ್ದಾರೆ. ಮರದಲ್ಲಿ ಸಣ್ಣ ಸೀಳು ಕೊರೆದು ಬಟ್ಟೆಯ ಅಂಚನ್ನು ಅದರೊಳಗೆ ತಳ್ಳುತ್ತಾರೆ. ಆ ಗೊಂಬೆಗಳಿಗೆ ಕಿಮೆಕೋಮಿ ಅಂತ ಹೆಸರು. ನಮ್ಮಲ್ಲಿ ಮರದ ಜಾಗಕ್ಕೆ ಥರ್ಮಾಕೋಲ್ ಬಂದಿದೆ, ಅಷ್ಟೇ.

ಮೊದಲು ಹಲಗೆಯ ವಿಚಾರ. ಸ್ಟೇಷನರಿ ಅಂಗಡಿಯಲ್ಲಿ ಥರ್ಮಾಕೋಲ್ ಸಾಮಾನ್ಯವಾಗಿ 1 ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಹಾಳೆಯಾಗಿ ಸಿಗುತ್ತದೆ. ದಪ್ಪ 25 ಮಿ.ಮೀ. ಇರುವುದನ್ನೇ ಕೇಳಿ. ತೆಳುವಾದದ್ದು ಸೀಳು ಹಾಕಿದ ಕಡೆ ಬಾಗುತ್ತದೆ. 2022ರಲ್ಲಿ ನಿಷೇಧ ಬರುವವರೆಗೆ ಮಂಟಪದ ಅಲಂಕಾರಕ್ಕೆ ಬಳಸುತ್ತಿದ್ದ ಹಗುರ ಥರ್ಮಾಕೋಲಿನಲ್ಲಿ ಕಾಳು ದೊಡ್ಡದು, ಬ್ಲೇಡು ತಾಗಿದರೆ ಉದುರುತ್ತದೆ. ಉಗುರಿನಿಂದ ಒತ್ತಿ ನೋಡಿ. ಸುಲಭವಾಗಿ ಗುಳಿ ಬಿದ್ದರೆ ಬೇಡ. ಟಿವಿ, ಫ್ರಿಜ್ ಡಬ್ಬದಲ್ಲಿ ಬರುವ ಥರ್ಮಾಕೋಲ್ ಗಟ್ಟಿ ಇರುತ್ತದೆ, ಆದರೆ ಅದರಲ್ಲಿ ಸಮತಟ್ಟಾದ ಜಾಗ ಸಿಗುವುದು ಕಷ್ಟ. ಕಾಳೇ ಇಲ್ಲದ ನೀಲಿ ಅಥವಾ ಗುಲಾಬಿ ಬಣ್ಣದ ಹಲಗೆ ಇದೆ. ಎಕ್ಸ್‌ಪಿಎಸ್ ಅನ್ನುತ್ತಾರೆ, ಕಟ್ಟಡದ ಮಾಳಿಗೆಗೆ ಬಿಸಿಲು ತಡೆಯಲು ಹಾಕುವಂಥದ್ದು. ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ಬೆಣ್ಣೆಗೆ ಚಾಕು ಹಾಕಿದ ಹಾಗೆ ಸೀಳುತ್ತದೆ. ಬೋರ್ಡು, ಫಲಕ ಮಾಡುವ ಸನ್‌ಬೋರ್ಡ್ ಈ ಕೆಲಸಕ್ಕೆ ಆಗುವುದಿಲ್ಲ. ಅದು ತೆಳುವು, ಗಟ್ಟಿ, ಸೀಳು ಬಟ್ಟೆಗೆ ಬಾಯಿ ಬಿಡುವುದಿಲ್ಲ.

ಇನ್ನು ಬಟ್ಟೆ. ಟೂ ಬೈ ಟೂ ರೂಬಿಯಾ ನನಗೆ ಎಲ್ಲಕ್ಕಿಂತ ಇಷ್ಟ. ತೆಳು, ಒತ್ತಾದ ನೇಯ್ಗೆ, ಹೇಳಿದ ಮಾತು ಕೇಳುತ್ತದೆ. ಒಂದೇ ಸೀಳಿನೊಳಗೆ ಎರಡು ಕಡೆಯ ಬಟ್ಟೆ ಹೋಗಬೇಕಲ್ಲ, ಅಲ್ಲಿ ದಪ್ಪ ಬಟ್ಟೆ ಸೋಲುತ್ತದೆ. ಹೊಳೆಯುವ ಆರ್ಟ್ ಸಿಲ್ಕ್ ಕತ್ತರಿಸಿದ ಕಡೆಯೆಲ್ಲ ಎಳೆ ಬಿಡುತ್ತದೆ, ಸೀಳಿನಿಂದ ಜಾರುತ್ತದೆ. ಚಂದ ಕಾಣಬೇಕು ಅಂದರೆ ಗುಳೇದಗುಡ್ಡದ ಖಣ ಸೇರಿಸಿ. ಬಾಗಲಕೋಟೆ ಜಿಲ್ಲೆಯ ಈ ಕುಪ್ಪಸದ ಬಟ್ಟೆಯಲ್ಲಿ ತುಂಬೆಲ್ಲ ಪುಟ್ಟ ಪುಟ್ಟ ಬುಟ್ಟಾ. ಹತ್ತಿರದಿಂದ ನೋಡುವವರಿಗೂ ಕೆಲಸ ಸಿಗುತ್ತದೆ. ಅದರ ಅಂಚಿನ ಪಟ್ಟಿ ಮಾತ್ರ ದಪ್ಪ. ಅದನ್ನು ಸೀಳಿಗೆ ಹಾಕಬೇಡಿ, ತುಂಡಿನ ನಡುವೆ ಬರುವ ಹಾಗೆ ಕತ್ತರಿಸಿ. ಹಳೆ ಇಳಕಲ್ ಸೀರೆಯ ಸೆರಗು ಕೂಡ ಹೊಂದುತ್ತದೆ, ಒಡಲು ಹರಿದಿದ್ದರೂ ಸೆರಗು ಗಟ್ಟಿಯಾಗಿ ಉಳಿದಿರುತ್ತದೆ ಅಲ್ವಾ.

ತಿಳಿ ಬಣ್ಣದ ತೆಳು ಬಟ್ಟೆ ಹಾಕುವಾಗ ಥರ್ಮಾಕೋಲಿನ ಕಾಳು ಮೇಲೆ ಎದ್ದು ಕಾಣುತ್ತದೆ. ಅಂಥ ಕಡೆ ಹಳೆ ಪಂಚೆಯ ತುಂಡೊಂದನ್ನು ಆಕಾರಕ್ಕಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿ ಕೆಳಗೆ ಇಡುತ್ತೇನೆ. ಸೀಳಿನೊಳಗೆ ಅದು ಹೋಗಬಾರದು. ಅಲ್ಲೊಂದು ಸಣ್ಣ ಉಬ್ಬೂ ಬರುತ್ತದೆ, ನೋಡಲು ಕೌದಿಯ ಹಾಗೆ. ಹಾಗಂತ ಇದನ್ನು ಕೌದಿ ಅಂತ ಕರೆದರೆ ನನಗೆ ಸರಿ ಅನ್ನಿಸುವುದಿಲ್ಲ. ಉತ್ತರ ಕರ್ನಾಟಕದ ಅಜ್ಜಿಯರ ಕೌದಿ, ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕವಂದಿ, ಎರಡೂ ಸಾವಿರಾರು ಹೊಲಿಗೆಯಿಂದ ನಿಲ್ಲುವಂಥವು. ಹೊದ್ದರೆ ಚಳಿ ತಡೆಯುತ್ತವೆ, ಒಗೆದರೆ ಬಾಳುತ್ತವೆ. ನಮ್ಮದು ಬರೀ ನೋಡುವುದಕ್ಕೆ.

ಚಿತ್ರಕ್ಕೆ ನಾನು ಎಲ್ಲೂ ಹುಡುಕುವುದಿಲ್ಲ. ಚುಕ್ಕಿ ರಂಗೋಲಿ ಇದೆಯಲ್ಲ. ಆದರೆ ಎಲ್ಲ ರಂಗೋಲಿಯೂ ಆಗುವುದಿಲ್ಲ. ಚುಕ್ಕಿಗಳನ್ನು ಸುತ್ತಿ ಬಳಸಿ ಹೋಗುವ ಎಳೆ ರಂಗೋಲಿಯಲ್ಲಿ ಗೆರೆಗಳು ಒಂದನ್ನೊಂದು ದಾಟುತ್ತಾ ಚೂಪಾದ ಸಣ್ಣ ಸಣ್ಣ ಸಂದುಗಳಾಗುತ್ತವೆ. ಅಷ್ಟು ಚಿಕ್ಕ ಜಾಗದಲ್ಲಿ ಬಟ್ಟೆ ನಿಲ್ಲುವುದಿಲ್ಲ, ಥರ್ಮಾಕೋಲೇ ಎದ್ದು ಬರುತ್ತದೆ. ಚುಕ್ಕಿಯಿಂದ ಚುಕ್ಕಿಗೆ ನೇರ ಗೆರೆ ಎಳೆಯುವ ನಕ್ಷತ್ರದ ರಂಗೋಲಿಗಳನ್ನೇ ಆರಿಸಿ.

ಹೊಸದಾಗಿ ಕಲಿಯುವವರಿಗೆ ನಾನು ಕೊಡುವುದು 5ರಿಂದ 3, ಸಂದು ಚುಕ್ಕಿ, ಅಂದರೆ ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಸರಿಯಾಗಿ ಮುಂದಿನ ಸಾಲಿನ ಚುಕ್ಕಿ. ಸಾಲುಗಳು 3, 4, 5, 4, 3. ಚುಕ್ಕಿಯಿಂದ ಚುಕ್ಕಿಗೆ 6 ಸೆಂ.ಮೀ., ಸಾಲಿನಿಂದ ಸಾಲಿಗೆ 5.2 ಸೆಂ.ಮೀ. ಇಟ್ಟರೆ ಎಲ್ಲ ಕಡೆಯೂ ಸಮ ಬರುತ್ತದೆ. ನಟ್ಟನಡುವಿನ ಚುಕ್ಕಿಯ ಸುತ್ತ ಆರು ಡೈಮಂಡ್ ಬರೆಯಿರಿ, ನಕ್ಷತ್ರ ಆಯಿತು. ಅವುಗಳ ಸಂದಿನಲ್ಲಿ ಮತ್ತೆ ಆರು ಡೈಮಂಡ್ ಸರಿಯಾಗಿ ಕೂರುತ್ತವೆ, ಆಗ ಹೊರಗೆ ಆರು ಮೂಲೆಯ ಆಕಾರ ತಾನಾಗಿ ಬರುತ್ತದೆ. ಆ ಆರು ಮೂಲೆಗಳಿಂದ ಹಲಗೆಯ ಅಂಚಿಗೆ ಒಂದೊಂದು ಗೆರೆ. ಒಂದು ಹಾಳೆಯಲ್ಲಿ 33 ಸೆಂ.ಮೀ. ಚೌಕದ ಮೂರು ಹಲಗೆ ಸಿಗುತ್ತವೆ, ಈ ಚಿತ್ರಕ್ಕೆ ಆ ಅಳತೆ ಸಾಕು. ಪೇಪರಿನ ಮೇಲೆ ಬರೆದು, ಹಲಗೆಯ ಮೇಲಿಟ್ಟು, ಚುಕ್ಕಿಗಳಿಗೆ ಗುಂಡುಸೂಜಿ ಚುಚ್ಚಿ. ಆಮೇಲೆ ಪೇಪರ್ ತೆಗೆದು ಪೆನ್ಸಿಲ್‌ನಿಂದ ಸೇರಿಸಿ. ಪೆನ್ನಿನ ಗೆರೆ ತಿಳಿ ಬಟ್ಟೆಯಡಿ ಕಾಣುತ್ತದೆ.

ಇಡೀ ಕೆಲಸದ ಅಂದ ನಿಂತಿರುವುದು ಸೀಳಿನ ಮೇಲೆ. ಹಾಗಾಗಿ ಇಲ್ಲಿ ಮಾತ್ರ ನನಗೆ ಅವಸರ ಇಲ್ಲ. 9 ಮಿ.ಮೀ. ಅಗಲದ ತೆಳು ಬ್ಲೇಡಿನ ಕಟರ್ ತಗೊಳ್ಳಿ. ಬ್ಲೇಡಿಗೆ ಮೇಣದ ಬತ್ತಿ ಉಜ್ಜಿದರೆ ಕಾಳು ಕಿತ್ತು ಬರುವುದು ಕಡಿಮೆಯಾಗುತ್ತದೆ. ತುದಿ ಸ್ವಲ್ಪ ಮೊಂಡಾದರೂ ಮುರಿದು ಹೊಸ ತುದಿ ಮಾಡಿಕೊಳ್ಳಿ, ಅಲ್ಲಿ ಜಿಪುಣತನ ಬೇಡ. ಬ್ಲೇಡು ನೆಟ್ಟಗೆ ನಿಂತಿರಬೇಕು, ವಾಲಬಾರದು. ಆಳ 7 ಅಥವಾ 8 ಮಿ.ಮೀ. ಅಷ್ಟಕ್ಕೆ ಬ್ಲೇಡಿನ ಮೇಲೆ ಸೆಲೋ ಟೇಪ್ ಸುತ್ತಿ ಗುರುತು ಮಾಡಿಕೊಂಡರೆ ಕೈ ತಪ್ಪುವುದಿಲ್ಲ. ಒಂದೇ ಎಳೆತದಲ್ಲಿ ಸೀಳಬೇಕು. ಅದೇ ಗೆರೆ ಮೇಲೆ ಮತ್ತೆ ಮತ್ತೆ ಆಡಿಸಿದರೆ ಬಾಯಿ ಅಗಲವಾಗಿ ಬಟ್ಟೆಯ ಹಿಡಿತ ಹೋಗುತ್ತದೆ. ನಡುವಿನ ಚುಕ್ಕಿಯಲ್ಲಿ ಆರು ಸೀಳುಗಳೂ ಕೂಡುತ್ತವೆ, ಅಲ್ಲಿ ಕಾಳು ಉದುರಿ ಗುಂಡಿ ಬೀಳುವುದು ಸಾಮಾನ್ಯ. ಅದಕ್ಕೆ ಪ್ರತಿ ಸೀಳನ್ನೂ ಚುಕ್ಕಿಗೆ ಕೂದಲೆಳೆ ಮುಂಚೆಯೇ ನಿಲ್ಲಿಸುತ್ತೇನೆ.

ಬಟ್ಟೆಗೆ ಇಸ್ತ್ರಿ ಮೊದಲೇ ಆಗಿರಬೇಕು. ಹಲಗೆಯ ಮೇಲೆ ಕೂರಿಸಿದ ಮೇಲೆ ಇಸ್ತ್ರಿಪೆಟ್ಟಿಗೆ ಹತ್ತಿರ ತರುವಂತಿಲ್ಲ, ಥರ್ಮಾಕೋಲ್ ಕರಗುತ್ತದೆ. ಡೈಮಂಡಿನ ಆಕಾರಕ್ಕಿಂತ ಸುತ್ತ 1 ಸೆಂ.ಮೀ. ಜಾಸ್ತಿ ಬಿಟ್ಟು ಕತ್ತರಿಸಿ. ಒಂದು ಕಡೆಯಾದರೂ ಬಟ್ಟೆಯ ನೇರ ಎಳೆಗೆ ಸಮವಾಗಿರಲಿ. ಓರೆ ಅಂಚು ಎಳೆದಷ್ಟೂ ಹಿಗ್ಗುತ್ತದೆ, ಆದ್ದರಿಂದ ತುರುಕುವಾಗ ನೇರ ಎಳೆಯ ಕಡೆಯಿಂದ ಶುರು ಮಾಡುತ್ತೇನೆ. ಖಣದ ಬುಟ್ಟಾ ಎಲ್ಲ ಡೈಮಂಡುಗಳಲ್ಲೂ ನಡುವಿನ ಕಡೆಗೇ ಮುಖ ಮಾಡಿರಲಿ. ಬಟ್ಟೆ ಸ್ವಲ್ಪ ದಂಡ ಆಗುತ್ತದೆ, ಆಗಲಿ ಬಿಡಿ.

ತುರುಕಲು ಉಗುರು ಉಜ್ಜುವ ಲೋಹದ ಫೈಲಿನ ತುದಿ ಸಾಕು. ಬದಿಯ ನಡುವಿನಲ್ಲಿ ಮೊದಲು ಒತ್ತಿ, ಆಮೇಲೆ ಮೂಲೆಗಳತ್ತ ಹೋಗಿ. ಒಳಗೆ ಹೋಗದೆ ಉಳಿದ ಅಂಚನ್ನು ಕತ್ತರಿಸಿ ತೆಗೆದು, ಕೊನೆಯ ಎಳೆಯನ್ನೂ ಒಳಗೆ ಸೇರಿಸಿ. ನಡುವಿನ ಆರು ಡೈಮಂಡುಗಳನ್ನು ಸಾಲಾಗಿ ಹಾಕುತ್ತಾ ಹೋಗಬೇಡಿ. ಎದುರು ಬದುರು ಇರುವುದನ್ನು ಜೋಡಿಯಾಗಿ ಹಾಕಿ, ಆಗ ಎಳೆತ ಒಂದೇ ಕಡೆಗೆ ಬೀಳುವುದಿಲ್ಲ. ಚೂಪಾದ ತುದಿಯಲ್ಲಿ ಬಟ್ಟೆ ಗಂಟಾಗದಂತೆ ಅಂಚನ್ನು ಅರ್ಧದಷ್ಟು ಕತ್ತರಿಸಿ. ಇಷ್ಟೆಲ್ಲ ಮಾಡಿದರೂ ಆರು ತುದಿಗಳು ಕೂಡುವ ಕಡೆ ಕಣ್ಣಿಗೆ ಕುತ್ತುತ್ತಿದ್ದರೆ ಒಂದು ಪುಟ್ಟ ಕನ್ನಡಿ ಬಿಲ್ಲೆ ಅಂಟಿಸಿ, ಲಂಬಾಣಿ ಕಸೂತಿಯಲ್ಲಿ ಇರುತ್ತದಲ್ಲ, ಅಂಥದ್ದು.

ನೋಡಲು ಬಂದ ಅತ್ತಿಗೆ ಕೇಳಿದ್ದು ಒಂದೇ ಪ್ರಶ್ನೆ: “ಅಂಟೇ ಹಾಕಿಲ್ವಾ? ಬಿದ್ದು ಹೋಗಲ್ವಾ?” ರೂಬಿಯಾ, ಖಣಕ್ಕೆ ಬೇಕಿಲ್ಲ, ಸೀಳೇ ಹಿಡಿದುಕೊಳ್ಳುತ್ತದೆ. ಜಾರುವ ಬಟ್ಟೆಗೆ ಮಾತ್ರ ಹಲ್ಲುಕಡ್ಡಿಯಲ್ಲಿ ಸೀಳಿನೊಳಗೆ ತೆಳ್ಳಗೆ ಬಿಳಿ ಫೆವಿಕಾಲ್ ಎಳೆದು ರಾತ್ರಿಯೆಲ್ಲ ಬಿಡಿ. ಥರ್ಮಾಕೋಲ್ ನೀರು ಹೀರುವುದಿಲ್ಲ, ಒಣಗಲು ಹೊತ್ತು ಹಿಡಿಯುತ್ತದೆ. ಚಪ್ಪಲಿಗೆ ಹಾಕುವ ಹಳದಿ ರಬ್ಬರ್ ಅಂಟು ಥರ್ಮಾಕೋಲನ್ನು ತಿಂದು ಹಾಕುತ್ತದೆ. ಸ್ಪ್ರೇ ಪೇಂಟೂ ಹಾಗೆಯೇ. ಬಿಸಿ ಅಂಟಿನ ಗನ್ ತೂತು ಮಾಡುತ್ತದೆ. ಮೈದಾ ಗೋಂದು ಬೇಡವೇ ಬೇಡ, ಜಿರಳೆಗೆ ಊಟ ಬಡಿಸಿದಂತೆ ಆಗುತ್ತದೆ.

ಹೊರಗಿನ ಆರು ತುಂಡುಗಳನ್ನು ಗಾಢ ಬಣ್ಣದ ಒಂದೇ ಬಟ್ಟೆಯಲ್ಲಿ ಮಾಡಿದರೆ ನಕ್ಷತ್ರ ಎದ್ದು ಬರುತ್ತದೆ. ಅವುಗಳ ಒಳ ಅಂಚು ಸೀಳಿಗೆ ಹೋಗುತ್ತದೆ, ಹೊರ ಅಂಚನ್ನು ಹಲಗೆಯ ಹಿಂದಕ್ಕೆ ಮಡಿಸಿ ಗುಂಡುಸೂಜಿಯನ್ನು ಓರೆಯಾಗಿ ಚುಚ್ಚುತ್ತೇನೆ. ಅದರ ಮೇಲೆ ಡ್ರಾಯಿಂಗ್ ಶೀಟ್ ಅಂಟಿಸಿದರೆ ಹಿಂಬದಿ ಮುಚ್ಚುತ್ತದೆ. ತೂಗು ಹಾಕುವ ದಾರವನ್ನು ಥರ್ಮಾಕೋಲಿಗೆ ನೇರವಾಗಿ ಕಟ್ಟಿದರೆ ಕಿತ್ತು ಬರುತ್ತದೆ. ದಪ್ಪ ರಟ್ಟಿನ ಪಟ್ಟಿಗೆ ದಾರ ಪೋಣಿಸಿ, ಆ ಪಟ್ಟಿಯನ್ನು ಫೆವಿಕಾಲ್ ಹಾಕಿ ಹಿಂದೆ ಕೂರಿಸಿ. ಇಡೀ ಚಿತ್ರಕ್ಕೆ ಭಾರವೇ ಇಲ್ಲ, ಒಂದು ಸಣ್ಣ ಮೊಳೆ ಸಾಕು. ಬಾಡಿಗೆ ಮನೆಯವರು ಡಬಲ್ ಟೇಪ್ ಬಳಸಬಹುದು. ಆದರೆ ಸುಣ್ಣ, ಡಿಸ್ಟೆಂಪರ್ ಬಳಿದ ಗೋಡೆಯಲ್ಲಿ ಟೇಪು ಪುಡಿಯ ಸಮೇತ ಕಳಚಿಕೊಳ್ಳುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಹಠಮಾರಿ. ದೇವರ ಮನೆಗೆ, ಗಣಪತಿ ಮಂಟಪದ ಹಿಂದೆ ಹಾಕಲು ಮಾಡಿಕೊಡಿ ಅಂತ ಕೇಳುವವರು ಜಾಸ್ತಿ. ಮಾಡಿಕೊಡುವುದಿಲ್ಲ. ಥರ್ಮಾಕೋಲಿಗೆ ಬೆಂಕಿ ಬೇಗ ಹತ್ತುತ್ತದೆ, ಉರಿಯುತ್ತಾ ತೊಟ್ಟಿಕ್ಕುತ್ತದೆ, ಮೇಲೆ ಬಟ್ಟೆ ಬೇರೆ. ದೀಪ, ಊದುಬತ್ತಿ, ಗ್ಯಾಸ್ ಒಲೆ ಇರುವ ಕಡೆ ಇದು ಬೇಡ. ಹಾಲ್‌ನಲ್ಲಿ ಸೋಫಾದ ಮೇಲ್ಗಡೆ, ಮಕ್ಕಳ ಕೋಣೆಯಲ್ಲಿ ಧಾರಾಳವಾಗಿ ಹಾಕಿ. ನೇರ ಬಿಸಿಲು ಬೀಳುವ ಗೋಡೆಯಲ್ಲಿ ಬಣ್ಣ ಮಾಸುತ್ತದೆ. ಒಗೆಯಲು ಬರುವುದಿಲ್ಲ, ಒಣ ಬ್ರಷ್‌ನಿಂದ ಧೂಳು ಹೊಡೆದರೆ ಆಯಿತು. ಒಂದು ತುಂಡು ಕೊಳೆಯಾದರೆ ಅದೊಂದನ್ನೇ ಎಳೆದು ತೆಗೆದು, ಅದೇ ಸೀಳಿಗೆ ಬೇರೆ ಬ್ಲೌಸ್ ಪೀಸಿನ ತುಂಡು ತುರುಕಿ.